ದೇವರಿಗೂ ಒಂದು ಕ್ವಾರ್ಟರ್ಸು

ಊರಿನಿಂದ ಯಾರಾದರೂ ಫೋನು ಮಾಡಿದಾಗ "ದಿಲ್ಲ್ಯಾಗ ಎಲ್ಲಿ ಇರ್ತೀರಿ?" ಅಂತ ಕೇಳುತ್ತಾರೆ. "ಕಿದ್ವಾಯಿ ನಗರ" ಅನ್ನುತ್ತೇನೆ. ಆ ಕಡೆ ಒಂದು ಕ್ಷಣ ಮಾತು ನಿಲ್ಲುತ್ತದೆ. ಆಮೇಲೆ ದನಿ ತಗ್ಗಿಸಿ, "ಮನ್ಯಾಗ ಯಾರಿಗೆ ಆರಾಮಿಲ್ಲರೀ?" ಎಂಬ ಪ್ರಶ್ನೆ ಬರುತ್ತದೆ. ಕರ್ನಾಟಕದವರಿಗೆ ಕಿದ್ವಾಯಿ ಅಂದರೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ. ಅದೂ ಇದೂ ಒಬ್ಬರದೇ ಹೆಸರು. ಬಾರಾಬಂಕಿ ಜಿಲ್ಲೆಯ ರಫಿ ಅಹಮದ್ ಕಿದ್ವಾಯಿ ನೆಹರೂ ಅವರ ಮಂತ್ರಿಮಂಡಲದಲ್ಲಿ ಮೊದಲು ಸಂಪರ್ಕ ಖಾತೆಯನ್ನೂ ಆಮೇಲೆ ಆಹಾರ ಖಾತೆಯನ್ನೂ ನೋಡಿಕೊಂಡು 1954ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಆಸ್ಪತ್ರೆ ಆಯಿತು, ದೆಹಲಿಯಲ್ಲಿ ಸರ್ಕಾರಿ ನೌಕರರ ಕಾಲೊನಿ ಆಯಿತು. ನಮ್ಮ ಮನೆಯಲ್ಲಿ ಎಲ್ಲರೂ ಆರಾಮಾಗಿಯೇ ಇದ್ದೇವೆ.

ನಾನು ಕೇಂದ್ರ ಸರ್ಕಾರದ ನೌಕರಿ ಹಿಡಿದು ದೆಹಲಿಗೆ ಬಂದದ್ದು 1996ರಲ್ಲಿ. ಮೂರು ವರ್ಷ ಬಾಡಿಗೆ ಕೋಣೆಗಳಲ್ಲಿ ಅಲೆದ ಮೇಲೆ ಪೂರ್ವ ಕಿದ್ವಾಯಿ ನಗರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸು ಸಿಕ್ಕಿತು. ಐವತ್ತರ ದಶಕದ ಮನೆಗಳು. ಮುಂದೆ ಬೇವಿನ ಮರ, ಹಿಂದೆ ಬಟ್ಟೆ ಒಣಹಾಕುವ ಅಂಗಳ. ಮುಂದೆ ಇವನ್ನೆಲ್ಲ ಕೆಡವಿ ಬಹುಮಹಡಿ ಕಟ್ಟುವ ಯೋಜನೆ ಬಂತು. ನಾವು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಾಲೊನಿಗೆ ಹೋದೆವು. 2019ರಲ್ಲಿ ತಿರುಗಿ ಇಲ್ಲೇ, ಹೊಸ ಕಟ್ಟಡವೊಂದರ ಹತ್ತನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ಇಷ್ಟೆಲ್ಲದರ ನಡುವೆ ಜಾಗ ಬಿಟ್ಟು ಕದಲದವನು ದರಿಯಾ ಖಾನ್ ಲೋಹಾನಿ ಒಬ್ಬನೇ. ಲೋದಿ ಸುಲ್ತಾನರ ಆಸ್ಥಾನದ ಸರದಾರನಾಗಿದ್ದ ಅವನ ಗೋರಿ ಈ ಎತ್ತರದ ಕಟ್ಟಡಗಳ ಮಧ್ಯೆ ತನ್ನ ಜಗಲಿಯ ಮೇಲೆ ತಾನು ಇದೆ. "ಅವನಿಗೆ ಮಾತ್ರ ಮನೆ ಖಾಲಿ ಮಾಡುವ ನೋಟೀಸು ಬರಲಿಲ್ಲ ನೋಡು" ಅಂತ ನಾವು ನಗುತ್ತಿರುತ್ತೇವೆ.

ಅವ್ವ ದೆಹಲಿಗೆ ಬಂದದ್ದು 2002ರಲ್ಲಿ. ನಮ್ಮೂರು ಬಾಗಲಕೋಟೆಯ ಆಸುಪಾಸಿನ, ಘಟಪ್ರಭಾ ದಂಡೆಯ ಒಂದು ಸಣ್ಣ ಹಳ್ಳಿ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗಿನಿಂದಲೂ "ಊರು ಮುಳುಗತೈತಿ" ಎನ್ನುವ ಮಾತು ಕೇಳುತ್ತಲೇ ಎರಡು ತಲೆಮಾರು ಬೆಳೆದಿತ್ತು. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟಿನ ಎತ್ತರ 519.6 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಮಾತು ಮಾತಾಗಿ ಉಳಿಯಲಿಲ್ಲ. ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ನೀರು ಬಂತು, ಅಲ್ಲಿಯ ಜನಕ್ಕೆ ನವನಗರ ಎದ್ದಿತು. ನಮ್ಮ ಹಳ್ಳಿಗೆ ಸಿಕ್ಕದ್ದು ಎತ್ತರದ ಎರೆಭೂಮಿಯಲ್ಲಿ ಗೆರೆ ಎಳೆದಂತೆ ಪ್ಲಾಟು ಹಾಕಿದ ಒಂದು 'ಪುನರ್ವಸತಿ ಕೇಂದ್ರ'. ಅದಕ್ಕೆ ಊರು ಅಂತ ಕರೆಯಲು ಅಪ್ಪನಿಗೆ ಬಾಯಿ ಬರಲಿಲ್ಲ. "ಸೆಂಟರಿಗೆ ಹೋಗಿ ಬರತೀನಿ" ಅಂತಲೇ ಕೊನೆಯವರೆಗೂ ಅನ್ನುತ್ತಿದ್ದ. ಹಳೆಯ ಊರಿನ ಹಣಮಪ್ಪನನ್ನು ಕಿತ್ತು, ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿ, ಹಲಗೆ ಬಡಿಸುತ್ತ ಹೊಸ ಜಾಗಕ್ಕೆ ತಂದರು. ಅಪ್ಪ ಆ ಟ್ರ್ಯಾಕ್ಟರಿನ ಹಿಂದೆ ನಡೆದುಕೊಂಡೇ ಬಂದನಂತೆ. ಹೊಸ ಮನೆಯಲ್ಲಿ ಅವನು ಒಂದು ವರ್ಷವೂ ಬಾಳಲಿಲ್ಲ.

ಅವ್ವ ಬರುವಾಗ ಒಂದು ಕಬ್ಬಿಣದ ಟ್ರಂಕು ತಂದಿದ್ದಳು. ಅದರಲ್ಲಿ ಅವಳ ಸೀರೆಗಳ ಕೆಳಗೆ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ನಮ್ಮ ಜಗಲಿಯ ದೇವರು. ವೀರಭದ್ರ, ಬನಶಂಕರಿ, ಎಲ್ಲಮ್ಮ, ಬಸವಣ್ಣ, ನಾಗಪ್ಪ. ಅಂಗೈ ಅಗಲದ ಹಿತ್ತಾಳೆ ಮೂರ್ತಿಗಳು. ಮೂಗು ಮುಖ ಸವೆದು ಯಾರು ಯಾರೆಂದು ಅವ್ವನಿಗಷ್ಟೇ ಗೊತ್ತಾಗುವಂಥವು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಜಾಗ ಮಾಡಿಕೊಟ್ಟಳು. ಅವ್ವ ಟ್ರಂಕಿನ ಬೀಗ ತೆಗೆಯಲಿಲ್ಲ.

"ಇದು ಸರಕಾರದ ಮನಿ. ಇವತ್ತ ಕೊಡ್ತಾರ, ನಾಳೆ ಬಿಡು ಅಂತಾರ. ಇಂಥಾದ್ರಾಗ ಜಗಲಿ ದೇವರನ ಕೂಡಸಬಾರದು. ನೀ ಸ್ವಂತ ಮನಿ ಮಾಡು, ಕೂಡಸೋಣು."

"ಮತ್ತೆ ನೀನು ದಿನಾ ಪೂಜೆ ಮಾಡೂದು?"

"ಅದು ಕೊರಳಾಗಿನ ಲಿಂಗ. ಅದು ನಾ ಹೋದಲ್ಲಿ ನನ್ನ ಜೋಡಿ ಬರತೈತಿ. ಇವರು ಹಂಗಲ್ಲ. ಇವರಿಗೆ ನೆಲ ಬೇಕು."

ಹದಿನೇಳು ವರ್ಷ ಹೀಗೇ ಕಳೆಯಿತು. ನಾವು ಮೂರು ಮನೆ ಬದಲಿಸಿದೆವು. ಪ್ರತಿ ಸಲ ಟ್ರಂಕು ಮೊದಲು ಲಾರಿ ಹತ್ತುತ್ತಿತ್ತು, ಕೊನೆಗೆ ಇಳಿಯುತ್ತಿತ್ತು. ನಾನು ಸ್ವಂತ ಮನೆ ಮಾಡಲಿಲ್ಲ. ದೆಹಲಿಯಲ್ಲಿ ಮನೆಯ ಬೆಲೆ ಕೇಳಿದವರು ಯಾರೂ ಅದಕ್ಕಾಗಿ ನನ್ನನ್ನು ದೂರಲಾರರು. ಆದರೆ ಅವ್ವ ದೂರದೇ ಸುಮ್ಮನಿದ್ದದ್ದೇ ನನಗೆ ಚುಚ್ಚುತ್ತಿತ್ತು.

ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನಾವು ಹೋದದ್ದು 2019ರ ನವೆಂಬರಿನ ಒಂದು ಭಾನುವಾರ. ಅಷ್ಟು ವರ್ಷ ದೆಹಲಿಯಲ್ಲಿದ್ದೂ ಒಳಗೆ ಕಾಲಿಟ್ಟಿರಲಿಲ್ಲ. ಊರಿನಿಂದ ನೆಂಟರು ಬಂದರೆ ಕೆಂಪು ಕೋಟೆ, ಕುತುಬ್ ಮಿನಾರ್, ಅಕ್ಷರಧಾಮ, ಹೆಚ್ಚೆಂದರೆ ಆಗ್ರಾ, ಅಲ್ಲಿಗೆ ಮುಗಿಯಿತು. ಮೇಲಿನ ಮಹಡಿಯ ಹಾಸನದ ದಂಪತಿ ಒಂದು ಗುಂಪು ಕಟ್ಟಿದರು. ಒಟ್ಟು ಒಂಬತ್ತು ಜನ, ಜೊತೆಗೆ ಮ್ಯೂಸಿಯಮ್ಮಿನಲ್ಲಿ ಸ್ವಯಂಸೇವೆಯಿಂದ ತೋರಿಸಿಕೊಡುವ ಒಬ್ಬ ನಿವೃತ್ತ ಶಿಕ್ಷಕಿ. "ಬುದ್ಧನ ಅಸ್ಥಿ ಅಲ್ಲೇ ಇದೆಯಂತೆ ಅಜ್ಜಿ" ಅಂತ ಹಾಸನದವರು ಹೇಳಿದ್ದಕ್ಕೆ ಅವ್ವ ಹೊರಟಳು. ಆಗ ಅವಳಿಗೆ ಎಂಬತ್ತು ಹತ್ತಿರ. ಐಎನ್‌ಎ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಉದ್ಯೋಗ ಭವನದಲ್ಲಿ ಇಳಿದು, ಹೊಗೆಮಂಜಿನಲ್ಲಿ ಕಣ್ಣುಜ್ಜಿಕೊಳ್ಳುತ್ತ ನಡೆದೆವು.

ಒಳಗೆ ಹೋದ ಮೇಲೆ ಶಿಕ್ಷಕಿ ಮೊದಲು ಹೇಳಿದ್ದು ದೇವರ ಕಥೆಯಲ್ಲ, ಆ ಮನೆಯ ಕಥೆ. ಅದು ನನಗೆ ಬಹಳ ಹಿಡಿಸಿತು. ನಮ್ಮ ಕಾಲೊನಿಯವರಿಗೆಲ್ಲ ಚೆನ್ನಾಗಿ ಅರ್ಥವಾಗುವ ಕಥೆ ಅದು.

1947ರ ಚಳಿಗಾಲದಲ್ಲಿ ಲಂಡನ್ನಿನ ಬರ್ಲಿಂಗ್ಟನ್ ಹೌಸ್‌ನಲ್ಲಿ ರಾಯಲ್ ಅಕಾಡೆಮಿಯವರು ಭಾರತದ ಕಲೆಯ ಒಂದು ದೊಡ್ಡ ಪ್ರದರ್ಶನ ಏರ್ಪಡಿಸಿದರು. ದೇಶದ ಬೇರೆ ಬೇರೆ ವಸ್ತುಸಂಗ್ರಹಾಲಯಗಳಿಂದ ಆರಿಸಿದ ಶಿಲ್ಪಗಳು, ಕಂಚಿನ ಮೂರ್ತಿಗಳು, ಚಿತ್ರಗಳು ಹಡಗು ಹತ್ತಿದವು. ಇತ್ತ ದೇಶ ಎರಡಾಗಿ, ರೈಲು ತುಂಬ ಜನ ಮನೆಮಠ ಬಿಟ್ಟು ಬರುತ್ತಿದ್ದ ವರ್ಷ. ಅತ್ತ ದೇವರುಗಳು ಲಂಡನ್ನಿನಲ್ಲಿ. 1948ರಲ್ಲಿ ಪ್ರದರ್ಶನ ಮುಗಿಯಿತು. ತಂತಮ್ಮ ಊರಿಗೆ ಹಿಂದಿರುಗುವ ಮುಂಚೆ ದೆಹಲಿಯ ಜನರೂ ಒಮ್ಮೆ ನೋಡಲಿ ಅಂತ ಅವನ್ನೆಲ್ಲ ಈಗಿನ ರಾಷ್ಟ್ರಪತಿ ಭವನದಲ್ಲಿ ಇಟ್ಟರು. ಜನ ಮುಗಿಬಿದ್ದರು. ಇಷ್ಟು ಒಳ್ಳೆಯ ಸಂಗ್ರಹವನ್ನು ಮತ್ತೆ ಚದುರಿಸುವುದು ಯಾಕೆ, ಇದರಿಂದಲೇ ಒಂದು ರಾಷ್ಟ್ರೀಯ ಸಂಗ್ರಹಾಲಯ ಮಾಡೋಣ ಎಂಬ ಯೋಚನೆ ಬಂತು. ಕಳುಹಿಸಿಕೊಟ್ಟಿದ್ದ ಸಂಸ್ಥಾನ, ರಾಜ್ಯ, ಸಂಗ್ರಹಾಲಯಗಳಿಗೆಲ್ಲ ದಾನವಾಗಿಯೋ ಕಡವಾಗಿಯೋ ಬಿಟ್ಟುಕೊಡಿ ಅಂತ ಕೇಳಿಕೊಂಡರು. ಬಹುಪಾಲು ಒಪ್ಪಿದರು. 1949ರ ಆಗಸ್ಟ್ 15ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅದನ್ನು ಅಲ್ಲೇ ಉದ್ಘಾಟಿಸಿದರು.

ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ, ಡೆಪ್ಯುಟೇಷನ್ ಮೇಲೆ ಹೋದವರು ದೆಹಲಿಯಲ್ಲೇ ಕಾಯಂ ಆದರು. ನಮ್ಮ ಕಾಲೊನಿಯಲ್ಲಿ ಅರ್ಧ ಜನರ ಚರಿತ್ರೆ ಇದೇ. ಮೂರು ವರ್ಷಕ್ಕೆಂದು ಬಂದವರು ಮೊಮ್ಮಕ್ಕಳನ್ನು ಕಂಡಿದ್ದಾರೆ.

ಕಾಯಂ ಆದರೂ ಕ್ವಾರ್ಟರ್ಸು ತಕ್ಷಣ ಸಿಗಲಿಲ್ಲ. ದೇವರುಗಳು ಹನ್ನೊಂದು ವರ್ಷ ರಾಷ್ಟ್ರಪತಿ ಭವನದ ಅತಿಥಿಗಳಾಗಿಯೇ ಇದ್ದರು. ಜನಪಥದ ಕಟ್ಟಡಕ್ಕೆ ನೆಹರೂ ಅಡಿಗಲ್ಲು ಇಟ್ಟದ್ದು 1955ರ ಮೇ 12ರಂದು. ಮೊದಲ ಹಂತ ಮುಗಿದು, ಉಪರಾಷ್ಟ್ರಪತಿ ರಾಧಾಕೃಷ್ಣನ್ ಉದ್ಘಾಟಿಸಿದ್ದು 1960ರ ಡಿಸೆಂಬರ್ 18ರಂದು. ಎರಡನೆಯ ಹಂತ ಮುಗಿಯಲು 1989 ಬೇಕಾಯಿತು. ಬಿಹಾರದ ರಾಮಪೂರ್ವದಿಂದ ಬಂದ ಅಶೋಕನ ಕಾಲದ ಕಲ್ಲಿನ ಎತ್ತು ಮಾತ್ರ ಹಳೆಯ ಮನೆಯನ್ನು ಬಿಟ್ಟು ಬರಲೇ ಇಲ್ಲ. ರಾಷ್ಟ್ರಪತಿ ಭವನದ ಮುಂಬಾಗಿಲ ಕಂಬಗಳ ನಡುವೆ ಅದು ಇಂದಿಗೂ ನಿಂತಿದೆ. "ಬಸವಣ್ಣ ಅಲ್ಲೇ ಉಳದಾನ ಅನ್ನು" ಅಂದಳು ಅವ್ವ.

ಹೊಸ ಕಟ್ಟಡದ ಮೊದಲ ನಿರ್ದೇಶಕಿ ಅಮೆರಿಕದವರು, ಗ್ರೇಸ್ ಮಾರ್ಲೆ. ಸ್ಯಾನ್ ಫ್ರಾನ್ಸಿಸ್ಕೊದ ಕಲಾ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ್ದವರು. 1960ರಿಂದ 1966ರವರೆಗೆ ಇಲ್ಲಿ ಕೆಲಸ ಮಾಡಿದರು. ಕೆಲಸ ಮುಗಿದ ಮೇಲೂ ಭಾರತ ಬಿಟ್ಟು ಹೋಗದೆ 1985ರಲ್ಲಿ ದೆಹಲಿಯಲ್ಲೇ ತೀರಿಕೊಂಡರು. ದೇವರನ್ನು ನೋಡಿಕೊಳ್ಳಲು ಬಂದವರೂ ಕಾಯಂ ಆದರು ಅಂತಾಯಿತು.

ಮೊದಲು ನೋಡಿದ್ದು ಹರಪ್ಪದ ಕೋಣೆ. ನಾಲ್ಕು ಬೆರಳು ಎತ್ತರದ ಆ ನರ್ತಕಿಯನ್ನು ಪಠ್ಯಪುಸ್ತಕದಲ್ಲಿ ನೋಡಿ ಆಳೆತ್ತರ ಇರಬಹುದು ಅಂದುಕೊಂಡಿದ್ದ ನಮಗೆಲ್ಲ ನಗು ಬಂತು. ನಿಜವಾದ ಎತ್ತರ ಹತ್ತೂವರೆ ಸೆಂಟಿಮೀಟರು. ದೇಶ ಎರಡಾದಾಗ ಈ ಪದಾರ್ಥಗಳೂ ಪಾಲಾದವು. ನರ್ತಕಿ ಭಾರತಕ್ಕೆ, ಗಡ್ಡದ 'ಪುರೋಹಿತ ರಾಜ' ಪಾಕಿಸ್ತಾನಕ್ಕೆ. ಮೊಹೆಂಜೊದಾರೊದ ಕೊರಳ ಹಾರವನ್ನೂ ಬಿಡಲಿಲ್ಲ. ಮಣಿ ಬಿಚ್ಚಿ ಎರಡು ಪಾಲು ಮಾಡಿದರು. ಇದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. "ನಮ್ಮ ಮಾವನೋರು ಪಾಲಾದಾಗ ಬೀಸೂಕಲ್ಲ ಎರಡ ಮಾಡ್ಕೊಂಡಿದ್ರು. ಕೆಳಗಿಂದ ಒಬ್ಬರಿಗೆ, ಮ್ಯಾಗಿಂದ ಒಬ್ಬರಿಗೆ" ಅಂದಳು. ಶಿಕ್ಷಕಿಗೆ ಅದನ್ನು ಹಿಂದಿಯಲ್ಲಿ ಹೇಳಿದಾಗ ಆಕೆ ಕೈಯಲ್ಲಿದ್ದ ಚೀಟಿಯ ಹಿಂದೆ ಬರೆದುಕೊಂಡರು.

ಆಮೇಲೆ ಶುರುವಾಯಿತು ದೇವರ ಸಾಲು. ಮಥುರೆಯ ಕೆಂಪು ಕಲ್ಲಿನ ಬುದ್ಧರು, ಗುಪ್ತರ ಕಾಲದ ವಿಷ್ಣು, ಬಿಕಾನೇರ ಸೀಮೆಯ ಪಲ್ಲೂ ಗ್ರಾಮದ ಬಿಳಿ ಅಮೃತಶಿಲೆಯ ಜೈನ ಸರಸ್ವತಿ, ಚೋಳರ ಕಂಚಿನ ನಟರಾಜ. ಅವ್ವ ಒಬ್ಬೊಬ್ಬರ ಮುಂದೂ ಚಪ್ಪಲಿ ಬಿಡಲು ಹೋಗುವಳು, ನಾನು ಬೇಡ ಅನ್ನುವೆ. ಕೊನೆಗೆ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಬರಿಗಾಲಿನಲ್ಲೇ ನಡೆದಳು. ಕಾವಲಿನವನು ನೋಡಿಯೂ ನೋಡದಂತಿದ್ದ.

"ಇವರ ಮೂಗು ಮುರದೈತಿ, ಇವರ ಕೈ ಇಲ್ಲ. ಭಿನ್ನ ಆದ ಮೂರ್ತಿ ಗುಡಿಯಾಗ ಇಡೂದಿಲ್ಲ. ಹೊಳಿಗೆ ಬಿಡ್ತಾರ. ಇಲ್ಯಾಕ ಇಟ್ಟಾರ?"

ಶಿಕ್ಷಕಿ ಯೋಚಿಸಿ ಉತ್ತರ ಕೊಟ್ಟರು. ಗುಡಿಯಲ್ಲಿ ಮೂರ್ತಿ ಪೂಜೆಗೆ. ಅಂಗ ಊನವಾದರೆ ಅದರ ಕೆಲಸ ಮುಗಿಯಿತು. ಇಲ್ಲಿ ಅದೇ ಮೂರ್ತಿ ಸಾಕ್ಷಿ ಹೇಳುವುದಕ್ಕೆ. ಸಾಕ್ಷಿ ಹೇಳಲು ಕೈ ಇಲ್ಲದಿದ್ದರೂ ನಡೆಯುತ್ತದೆ. ಹೊಳೆಗೆ ಬಿಟ್ಟಿದ್ದರೆ ಮಾಡಿದವರ ಕೈ ಹೇಗಿತ್ತು ಅಂತ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಅವ್ವ ಒಪ್ಪಿದಳೋ ಇಲ್ಲವೋ, "ಹ್ಞೂಂ" ಅಂದಳು.

ಆ ಸಾಲಿನಲ್ಲೇ ಇದ್ದರು ನಮ್ಮವರು. ಕಲ್ಲಿನಲ್ಲಿ ಹಾರುತ್ತಿರುವ ಗಂಧರ್ವ ಜೋಡಿ. ಕೆಳಗೆ ಒಂದು ಚೀಟಿ: ಐಹೊಳೆ, ಕರ್ನಾಟಕ, 7ನೆಯ ಶತಮಾನ.

ನೀವು ದೆಹಲಿಗೆ ಬಂದರೆ ಇದೊಂದನ್ನು ನೋಡದೆ ಹೋಗಬೇಡಿ. ಅವರಿಗೆ ರೆಕ್ಕೆ ಇಲ್ಲ. ಕಾಲು ಹಿಂದಕ್ಕೆ ಮಡಚಿದ ಬಗೆ, ಗಾಳಿಗೆ ಹಾರಿದ ಸೆರಗು, ಇಷ್ಟರಲ್ಲೇ ಕಲ್ಲು ಮೇಲೆದ್ದಿದೆ. ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದ ಸುದ್ದಿ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆಸಿದ ಶಾಸನದಲ್ಲಿದೆ. ಅದು 634ನೆಯ ಇಸವಿಯದು. ಉತ್ತರದ ದೊರೆ ದಕ್ಷಿಣಕ್ಕೆ ದಾಟಲಾಗದ ಆ ಹೊಳೆಯನ್ನು ಐಹೊಳೆಯ ಗಂಧರ್ವರು ಉತ್ತರಕ್ಕೆ ದಾಟಿ ಬಂದು ಇಲ್ಲಿ ಕೂತಿದ್ದಾರೆ.

ಅವ್ವನ ತವರು ಐಹೊಳೆಯ ಮಗ್ಗುಲಿನ ಹಳ್ಳಿ. ಚೀಟಿಯನ್ನು ಓದಿ ಹೇಳಿದೆ. ಅವಳು ಗಾಜಿನ ಮುಂದೆ ನೋಡುವಂತೆ ಅಲ್ಲ, ದೂರದ ಸಂಬಂಧಿಕರ ಮುಖದಲ್ಲಿ ಗುರುತು ಹುಡುಕುವಂತೆ ನೋಡಿದಳು.

"ಐಹೊಳ್ಯಾಗ ನಾವು ಸಣ್ಣವರಿದ್ದಾಗ ಗುಡಿಯಾಗ ಮಂದಿ ಸಂಸಾರ ಮಾಡಿಕೊಂಡಿದ್ರು. ಒಳಗ ಒಲಿ, ಹೊರಗ ಎಮ್ಮಿ. ನಮ್ಮ ಚಿಗವ್ವ ಅಂಥಾದೊಂದು ಮನ್ಯಾಗ ಇದ್ದಳು. ಕಂಬಕ್ಕ ಕರಾ ಕಟ್ಟತಿದ್ಲು."

ಇದು ಅವ್ವನ ಕಟ್ಟುಕಥೆಯಲ್ಲ. ಐಹೊಳೆಯ ಗುಡಿಗಳಿಗೆ ಎಷ್ಟೋ ಕಡೆ ದೇವರ ಹೆಸರಿಲ್ಲ, ಅಲ್ಲಿ ಇದ್ದವರ ಹೆಸರಿದೆ. ಲಾಡ್ ಖಾನ್ ಎಂಬಾತ ವಾಸವಾಗಿದ್ದುದರಿಂದ ಅದು ಲಾಡ್ ಖಾನ್ ಗುಡಿ. ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ ಎಂಬ ಹೆಸರುಗಳೂ ಹೀಗೇ ಮನುಷ್ಯರವು. ದುರ್ಗದ ಗುಡಿಯ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಪಕ್ಕದ ಕೋಟೆಯಿಂದ. ದೇವರು ಖಾಲಿ ಮಾಡಿದ ಮನೆಗೆ ಜನ ಬಂದರು, ಅವರ ಹೆಸರೇ ವಿಳಾಸವಾಯಿತು. ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದೂ ಹೊಸದಲ್ಲ. ನಾವಿದ್ದ ಹಳೆಯ ಮನೆಗೆ ನಾವು ಬಿಡುವವರೆಗೂ ಹಿಂದಿನ ಬಂಗಾಳಿ ಬಾಬುವಿನ ಹೆಸರಿಗೇ ಕಾಗದ ಬರುತ್ತಿತ್ತು.

ಅದೇ ಐಹೊಳೆಯಿಂದ ಹೊರಟವರು ಗಂಧರ್ವರು ಮಾತ್ರ ಅಲ್ಲ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಈ ಊರಿನ ಹೆಸರನ್ನು ಹೊತ್ತುಕೊಂಡೇ ದಕ್ಷಿಣ ಭಾರತವೆಲ್ಲ ತಿರುಗಿ ಕಡಲು ದಾಟಿತು. ಸುಮಾತ್ರಾ ದ್ವೀಪದಲ್ಲಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಹೊರನಾಡ ಕನ್ನಡಿಗರ ಸಂಘಗಳ ಚರಿತ್ರೆ ಬರೆಯುವವರು ಅಲ್ಲಿಂದ ಶುರು ಮಾಡಿದರೂ ತಪ್ಪಾಗಲಾರದು.

ಹಾಸನದವರು ಶಿಕ್ಷಕಿಯನ್ನು ಒಂದು ನೇರ ಪ್ರಶ್ನೆ ಕೇಳಿದರು. "ಇದು ಅಲ್ಲೇ ಇರಬೇಕಾಗಿತ್ತಲ್ಲವೇ?"

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಐಹೊಳೆ ಆಗ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆ. ಅಲ್ಲಿಯ ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯ ಬ್ರಹ್ಮ, ವಿಷ್ಣು, ಶಿವರ ದೊಡ್ಡ ಚಪ್ಪಡಿಗಳು ಮುಂಬಯಿಯ ವಸ್ತುಸಂಗ್ರಹಾಲಯ ಸೇರಿವೆ. ಮೇಲೆ ನೋಡಲೆಂದು ಕೆತ್ತಿದ್ದನ್ನು ಈಗ ಎದುರು ನಿಂತು ನೋಡಬೇಕು. ಕುತ್ತಿಗೆಗೆ ಸುಖ, ಆದರೆ ಶಿಲ್ಪಿ ಎಣಿಸಿದ ಆಕಾಶ ಅಲ್ಲಿಲ್ಲ. ಇನ್ನೊಂದು ಕಡೆಯ ವಾದವೂ ಇದೆ. ಗುಡಿಯಲ್ಲೇ ಉಳಿದ ಎಷ್ಟೋ ಮೂರ್ತಿಗಳು ಕಳ್ಳರ ಕೈಸೇರಿ ಹೊರದೇಶಕ್ಕೆ ಹೋದವು. ತಂಜಾವೂರು ಸೀಮೆಯ ಪತ್ತೂರಿನ ನಟರಾಜ ಲಂಡನ್ನಿಗೆ ಹೋಗಿ, ಅಲ್ಲಿಯ ಕೋರ್ಟಿನಲ್ಲಿ ಮೊಕದ್ದಮೆ ನಡೆದು, 1988ರಲ್ಲಿ ತೀರ್ಪು ಪಾಳುಬಿದ್ದ ಆ ಗುಡಿಯ ಪರವಾಗಿ ಬಂತು. ದೇವರು ವಾಪಸು ಬಂದದ್ದು 1991ರಲ್ಲಿ. ಎಲ್ಲ ದೇವರಿಗೂ ಇಂಥ ಅದೃಷ್ಟ ಇರಲಿಲ್ಲ. ನಮ್ಮ ಊರಿನದೇ ನೋಡಿ. ಹಣಮಪ್ಪನನ್ನು ಎಬ್ಬಿಸದೇ ಅಲ್ಲೇ ಬಿಟ್ಟಿದ್ದರೆ ಅವನೀಗ ಹಿನ್ನೀರಿನ ಅಡಿಯಲ್ಲಿ ಇರುತ್ತಿದ್ದ. ಎಬ್ಬಿಸಿದ್ದು ಸರಿಯೋ ತಪ್ಪೋ ಅಂತ ಅಪ್ಪ ಕೊನೆಯವರೆಗೂ ತೀರ್ಮಾನ ಮಾಡಲಿಲ್ಲ. ನನಗೂ ಆಗಿಲ್ಲ.

ಶಿಕ್ಷಕಿ ಹೇಳಿದ್ದನ್ನೆಲ್ಲ ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ಅವ್ವ ಕೇಳಿಸಿಕೊಂಡು, ಸುತ್ತ ಒಮ್ಮೆ ನೋಡಿ, "ಹಂಗಾರ ಇದೂ ಒಂದು ಪುನರ್ವಸತಿ ಕೇಂದ್ರ ಅನ್ನು" ಅಂದಳು. ಪ್ಲಾಟು ನಂಬರು ಹಚ್ಚಿ ಸಾಲಾಗಿ ಕೂಡಿಸಿದ ದೇವರುಗಳು. ನಾನು ಇದನ್ನು ಹಿಂದಿಗೆ ತರಲು ಹೋಗಲಿಲ್ಲ.

ಕೊನೆಗೆ ಬುದ್ಧನ ಕೋಣೆ. ನೇಪಾಳದ ಗಡಿಗೆ ಹತ್ತಿರದ ಪಿಪ್ರಹ್ವಾ ಎಂಬಲ್ಲಿ 1898ರಲ್ಲಿ ವಿಲಿಯಂ ಪೆಪ್ಪೆ ಎಂಬ ಎಸ್ಟೇಟಿನ ಯಜಮಾನ ಒಂದು ಸ್ತೂಪ ಅಗೆಸಿದ. ಕಲ್ಲಿನ ದೊಡ್ಡ ಪೆಟ್ಟಿಗೆ, ಒಳಗೆ ಕರಂಡಗಳು, ಎಲುಬಿನ ಚೂರುಗಳು, ರಾಶಿ ಮುತ್ತುರತ್ನ. ಒಂದು ಕರಂಡದ ಮೇಲೆ ಇದು ಶಾಕ್ಯರ ಬುದ್ಧನದೆಂದು ತಿಳಿಸುವ ಬ್ರಾಹ್ಮಿ ಬರಹ. ಆ ಅಸ್ಥಿಯನ್ನು ಸರ್ಕಾರ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ದೊರೆಗೆ ಕೊಟ್ಟಿತು. 1971ರಿಂದ 1977ರವರೆಗೆ ಪುರಾತತ್ವ ಇಲಾಖೆಯ ಕೆ.ಎಂ. ಶ್ರೀವಾಸ್ತವ ಅಲ್ಲೇ ಇನ್ನೂ ಆಳಕ್ಕೆ ಅಗೆಸಿದಾಗ ಮತ್ತೆರಡು ಕರಂಡಗಳು, ಮತ್ತಷ್ಟು ಅಸ್ಥಿ ಸಿಕ್ಕಿತು. ಈ ಕೋಣೆಯಲ್ಲಿರುವುದು ಅದು. ಅದನ್ನು ಇಟ್ಟಿರುವ ಚಿನ್ನದ ಬಣ್ಣದ ಮಂಟಪ ಥಾಯ್ಲೆಂಡ್ ಸರ್ಕಾರದ ಕೊಡುಗೆ. ಒಂದು ಕಾಲಕ್ಕೆ ಇಲ್ಲಿಂದ ಅಸ್ಥಿ ಹೋದ ದೇಶದಿಂದಲೇ ಅಸ್ಥಿಗೆ ಮನೆ ಬಂತು.

ಮ್ಯೂಸಿಯಮ್ಮಿನ ಉಳಿದ ಕೋಣೆಗಳಲ್ಲಿ ಜನ ನಿಂತು ನೋಡುತ್ತಾರೆ. ಇಲ್ಲಿ ಕೂತಿದ್ದರು. ಹೊರದೇಶದ ಏಳೆಂಟು ಜನ ನೆಲದ ಮೇಲೆ ಮಂಡಿಯೂರಿ ಮೆಲುದನಿಯಲ್ಲಿ ಮಂತ್ರ ಹೇಳುತ್ತಿದ್ದರು. ಯಾರೂ ಅವರನ್ನು ಏಳಿಸಲಿಲ್ಲ. ಸರ್ಕಾರದ ಕಟ್ಟಡ, ಗೋಡೆಗೆ ಅಗ್ನಿಶಾಮಕದ ಕೆಂಪು ಸಿಲಿಂಡರು, ಮೂಲೆಯಲ್ಲಿ ಕಾವಲಿನವನ ಪ್ಲಾಸ್ಟಿಕ್ ಕುರ್ಚಿ. ಅದರ ನಡುವೆ ಗುಡಿ.

"ಎಲುವಿಗೆ ಕೈ ಮುಗೀತಾರಾ?" ಅಂತ ಹಾಸನದವರ ಮಗಳು ಪಿಸುಗುಟ್ಟಿದಳು. ಅವ್ವನಿಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. "ನಮ್ಮಲ್ಲಿ ಗದ್ದಿಗಿ ಇರೂದಿಲ್ಲೇನು? ಇದೂ ಗದ್ದಿಗಿ" ಅಂದು ಅವರ ಹಿಂದೆ ತಾನೂ ಗೋಡೆಗೆ ಒರಗಿ ಕೂತಳು. ಕಾಲು ಗಂಟೆ ಏಳಲಿಲ್ಲ.

ಹೊರಗೆ ಬರುವಾಗ ಅವಳು ಶಿಕ್ಷಕಿಯನ್ನು ಒಂದು ಪ್ರಶ್ನೆ ಕೇಳಿಸಿದಳು. ಇಲ್ಲಿರುವ ದೇವರು ಒಟ್ಟು ಎಷ್ಟು? ಶಿಕ್ಷಕಿ ನಕ್ಕು, ಎಲ್ಲ ಬಗೆಯ ವಸ್ತು ಸೇರಿ ಎರಡು ಲಕ್ಷಕ್ಕೂ ಮೇಲೆ ಅಂದರು. ನಾವು ನೋಡಿದ್ದು ಅದರ ಒಂದು ಚಿಕ್ಕ ಪಾಲು. ಮಿಕ್ಕಿದ್ದೆಲ್ಲ ಉಗ್ರಾಣದಲ್ಲಿ.

"ಉಗ್ರಾಣದಾಗ ಅಂದ್ರ?"

"ಪೆಟ್ಟಿಗೆಯಲ್ಲಿ, ಕಪಾಟಿನಲ್ಲಿ. ಜೋಪಾನವಾಗಿ ಇರ್ತಾವವ್ವ."

"ಕತ್ತಲ್ಯಾಗ?"

ನಾನು ಉತ್ತರ ಕೊಡಲಿಲ್ಲ. ಮೆಟ್ರೊದಲ್ಲಿ ಅವಳು ಒಂದು ಮಾತನ್ನೂ ಆಡಲಿಲ್ಲ. ನಡೆದು ದಣಿದಿರಬೇಕು ಅಂದುಕೊಂಡೆ.

ಮರುದಿನ ಕಚೇರಿಯಿಂದ ಬಂದಾಗ ಊದುಬತ್ತಿಯ ವಾಸನೆ ಬಾಗಿಲಿಗೇ ಬಡಿಯಿತು. ಟ್ರಂಕು ತೆರೆದಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ ಐದೂ ಮೂರ್ತಿಗಳು ಫ್ರಿಜ್ಜಿನ ಪಕ್ಕದ, ಬಟ್ಟೆ ಮಡಚಿಡುವ ಸಣ್ಣ ಮೇಜಿನ ಮೇಲೆ ಹಸಿರು ಖಣ ಹಾಸಿ ಕೂತಿದ್ದವು. ಕಿಟಕಿಯಾಚೆ ಹತ್ತು ಮಹಡಿ ಕೆಳಗೆ ದರಿಯಾ ಖಾನನ ಗೋರಿಗೆ ದೀಪ ಹತ್ತಿತ್ತು. ನನ್ನ ಹೆಂಡತಿ ನನ್ನ ಮುಖ ನೋಡಿ, ಏನೂ ಕೇಳಬೇಡ ಅಂತ ಕಣ್ಣಿನಲ್ಲೇ ಹೇಳಿದಳು. ಕೇಳದೆ ಇರಲಾಗಲಿಲ್ಲ.

"ಸ್ವಂತ ಮನೆ ಆಗಲಿಲ್ಲಲ್ಲವ್ವ?"

"ಬುದ್ಧಗರ ಎಲ್ಲೈತಿ ಸ್ವಂತ ಮನಿ? ಹಾದಿ ನೋಡಕೋಂತ ಹದಿನೇಳು ವರ್ಷ ಕತ್ತಲ್ಯಾಗ ಇಟ್ಟೆ. ತಪ್ಪ ನಂದು" ಅಂದಳು. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಮುಂದೆ ಮಾತಾಡಲಿಲ್ಲ. ಆ ಟ್ರಂಕಿನಲ್ಲಿ ಈಗ ರಜಾಯಿಗಳಿವೆ.

ಅಲ್ಲಿಂದ ಈಚೆಗೆ ಸುದ್ದಿಗಳು ಬರುತ್ತಲೇ ಇವೆ. ಉತ್ತರ ಬ್ಲಾಕು, ದಕ್ಷಿಣ ಬ್ಲಾಕುಗಳಲ್ಲಿ 'ಯುಗೇ ಯುಗೀನ್ ಭಾರತ್' ಎಂಬ ಹೊಸ ರಾಷ್ಟ್ರೀಯ ಸಂಗ್ರಹಾಲಯ ಮಾಡುವುದಾಗಿ 2023ರಲ್ಲಿ ಪ್ರಕಟವಾಯಿತು. ಅಂದರೆ ಜನಪಥದವರಿಗೂ ಇನ್ನೊಂದು ವರ್ಗಾವಣೆ ಕಾದಿದೆ. ಬುದ್ಧನ ಅಸ್ಥಿಯಂತೂ ಸುಮ್ಮನೆ ಕೂತಿಲ್ಲ. 2022ರಲ್ಲಿ ಮಂಗೋಲಿಯಾಕ್ಕೆ, 2024ರಲ್ಲಿ ಥಾಯ್ಲೆಂಡಿಗೆ ಹೋಗಿ ಬಂತು. ಪೆಪ್ಪೆಯ ವಂಶದವರ ಬಳಿ ಉಳಿದಿದ್ದ ಪಿಪ್ರಹ್ವಾದ ರತ್ನಗಳು 2025ರಲ್ಲಿ ಹಾಂಗ್‌ಕಾಂಗಿನಲ್ಲಿ ಹರಾಜಿಗೆ ಬಂದಿದ್ದವು. ಸರ್ಕಾರ ಆಕ್ಷೇಪಿಸಿದ ಮೇಲೆ ಹರಾಜು ನಿಂತು, ಜುಲೈನಲ್ಲಿ 127 ವರ್ಷಗಳ ನಂತರ ಭಾರತಕ್ಕೆ ಹಿಂದಿರುಗಿದವು. ಕಲ್ಲಿನ, ಕಂಚಿನ ದೇವರನ್ನು ನಾವು ಸ್ಥಾವರ ಅನ್ನುತ್ತೇವೆ. ಲೆಕ್ಕ ಹಾಕಿದರೆ ನನಗಿಂತ ಹೆಚ್ಚು ಊರು ತಿರುಗಿದವರು ಅವರೇ.

ನನ್ನ ನಿವೃತ್ತಿಗೆ ಇನ್ನು ಬಹಳ ದಿನವಿಲ್ಲ. ಈ ಮನೆಯನ್ನೂ ಬಿಡಬೇಕು. ಬಾಗಲಕೋಟೆಗೋ, ಬೆಂಗಳೂರಿಗೋ, ಇಲ್ಲೇ ಎಲ್ಲಾದರೂ ಬಾಡಿಗೆಗೋ, ಇನ್ನೂ ತೀರ್ಮಾನವಾಗಿಲ್ಲ. ಮೊನ್ನೆ ಊಟದ ಹೊತ್ತಿಗೆ ಇದೇ ಮಾತು ಬಂದು, "ರಜಾಯಿ ತೆಗೆದು ಟ್ರಂಕು ಖಾಲಿ ಮಾಡಿಸಬೇಕು, ದೇವರಿಗೆ ಬೇಕಾಗ್ತದೆ" ಅಂದೆ.

"ಟ್ರಂಕ್ ಬ್ಯಾಡ" ಅಂದಳು ಅವ್ವ. "ಉಡಿಯಾಗ ಇಟಗೊಂಡು ಬರತೀನಿ. ಕಿಟಕಿ ಬಾಜು ಸೀಟ ಮಾಡಸು."